ಮೂರು ಕೋಣೆಯ ಏಕಾಂತ

ಮಾನ್ಯ ವಾಚಕ ಮಹಾಶಯರೇ, ಏಕಾಂತವೆಂಬ ವಸ್ತುವಿನ ಸ್ವರೂಪವನ್ನೂ, ಅದನ್ನು ಗಳಿಸಲು ಹೊರಟ ಸದ್ಗೃಹಸ್ಥರೊಬ್ಬರಿಗೆ ಒಂದೇ ದಿನದಲ್ಲಿ ಒದಗಿದ ಸಂಕಟಪರಂಪರೆಯನ್ನೂ ತಮ್ಮ ಸನ್ನಿಧಿಯಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳಲು ಈ ಲೇಖಕನು ಅಪ್ಪಣೆಯನ್ನು ಬೇಡುತ್ತಾನೆ. ತಾವು ಸುಖಾಸೀನರಾಗಿರುವಿರೆಂದೂ, ಕಾಫಿಯ ಲೋಟವು ಕೈಗೆಟುಕುವಷ್ಟು ಸಮೀಪದಲ್ಲಿರುವುದೆಂದೂ ಭಾವಿಸಿ ಉಪಕ್ರಮಿಸುತ್ತೇನೆ.

ಎಲ್ಲದಕ್ಕೂ ಮೂಲ ಒಂದು ಲಕೋಟೆ. ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ಆ ಬೀದಿಯಲ್ಲಿ ಮೇಲ್‌ಬಾಕ್ಸುಗಳು ಎರಡು ಮನೆಗೊಂದು ಕಂಬದಂತೆ ಜೋಡಿಜೋಡಿಯಾಗಿ ನಿಂತಿವೆ. ಮೇ ತಿಂಗಳ ಒಂದು ಶುಕ್ರವಾರ, ಸ್ಕಾಟ್ಲೆಂಡಿನಿಂದ ಬಂದಿದ್ದ ಲಕೋಟೆಯೊಂದನ್ನು ಅಂಚೆಯವನು ಎಡಗಡೆಯ ಡಬ್ಬಿಗೆ ಹಾಕುವ ಬದಲು ಬಲಗಡೆಯ ಡಬ್ಬಿಗೆ ಹಾಕಿ ನಡೆದುಬಿಟ್ಟ. ಎಡಗಡೆಯದು ಸೂರ್ಯನಾರಾಯಣರದು, ಬಲಗಡೆಯದು ವಸಿಷ್ಠರದು. ನಡುವೆ ಆರಂಗುಲದ ಅಂತರ. ಆರಂಗುಲದಲ್ಲಿ ಒಂದು ಸಂಸಾರದ ಗುಟ್ಟು ಬೀದಿಗೆ ಬಿತ್ತು.

ಶನಿವಾರ ಬೆಳಗ್ಗೆ ಎಂಟೂವರೆಗೆ ಕರೆಗಂಟೆ ಸದ್ದು ಮಾಡಿತು. ಸೂರ್ಯನಾರಾಯಣರ ಪತ್ನಿ ನಿರುಪಮಾ ವಾರಾಂತ್ಯದ ಕನ್ನಡ ಶಾಲೆಗೆ ಪಾಠ ಹೇಳಲು ಹೊರಟು ಹತ್ತು ನಿಮಿಷವಾಗಿತ್ತು. ಬಾಗಿಲು ತೆರೆದರೆ ವಸಿಷ್ಠರು ನಿಂತಿದ್ದರು. ಒಂದು ಕೈಯಲ್ಲಿ ಒಡೆದ ಲಕೋಟೆ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪನ್ನು ಕಂಡೊಡನೆ ಸೂರ್ಯನಾರಾಯಣರು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತರು.

"ರೀ ಸೂರಿ, ನಿಮ್ಮ ಲೆಟರು ನಮ್ಮ ಬಾಕ್ಸಿಗೆ ಬಂದಿತ್ತು. ಕ್ರೆಡಿಟ್ ಕಾರ್ಡಿನವರದು ಅಂದ್ಕೊಂಡು ಒಡೆದುಬಿಟ್ಟೆ, ತಪ್ಪು ತಿಳ್ಕೋಬೇಡಿ."

ವಿಳಾಸವನ್ನು ನೀಲಿ ಶಾಯಿಯಲ್ಲಿ, ಗುಂಡಗುಂಡಗಿನ ಅಕ್ಷರಗಳಲ್ಲಿ, ಕೈಯಾರೆ ಬರೆಯಲಾಗಿತ್ತು. ಯಾವ ಕ್ರೆಡಿಟ್ ಕಾರ್ಡಿನ ಕಂಪನಿಯೂ ಮನುಷ್ಯನಿಗೆ ಅಷ್ಟು ಪ್ರೀತಿಯಿಂದ ಪತ್ರ ಬರೆದದ್ದಿಲ್ಲ.

"ಓದಲಿಲ್ಲ ತಾನೇ?" ಎಂದರು ಸೂರ್ಯನಾರಾಯಣ.

"ಛೆ, ಬೇರೆಯವರ ಲೆಟರ್ ಓದ್ತಾರೇನ್ರೀ? ಅದಿರ್ಲಿ, ಸೆಪ್ಟೆಂಬರ್ ಹನ್ನೊಂದರಿಂದ ಹದಿನಾರಾ? ಮೂರೇ ರೂಮಿನ ಬೆಡ್ ಅಂಡ್ ಬ್ರೇಕ್‌ಫಾಸ್ಟು, ಎದುರಿಗೆ ಲೇಕು, ಹಿಂದುಗಡೆ ಗುಡ್ಡ. ಇವತ್ತು ಐದು ಗಂಟೆಯೊಳಗೆ ಫೋನ್ ಮಾಡಿ ಕನ್ಫರ್ಮ್ ಮಾಡ್ಬೇಕಂತೆ. ಸ್ಕಾಟ್ಲೆಂಡಿನ ಆ ಮನೆಯೊಡತಿಯ ಐದು ಅಂದ್ರೆ ನಮ್ಮ ಹನ್ನೆರಡು. ನಾನೇ ಲೆಕ್ಕ ಹಾಕ್ದೆ." ವಸಿಷ್ಠರು ಒಳಗೆ ಬಂದು, ಚಪ್ಪಲಿ ಬಿಟ್ಟು, ಅಡುಗೆಮನೆಯ ಮೇಜಿನ ಮುಂದೆ ಕೂತರು. "ನಮಗೊಂದು ಮಾತು ಹೇಳ್ದೇ ಹೊರಟುಬಿಡ್ತಿದ್ರಾ ಸೂರಿ?"

ಆ ದನಿಯಲ್ಲಿ ನಿಜವಾದ ನೋವಿತ್ತು. ಸೂರ್ಯನಾರಾಯಣರು ಕುಡಿಯುವ ನೀರು ಶುದ್ಧಿಮಾಡುವ ಘಟಕವೊಂದರಲ್ಲಿ ಎಂಜಿನಿಯರು. ದಿನಕ್ಕೆ ಲಕ್ಷಾಂತರ ಗ್ಯಾಲನ್ ನೀರಿನ ಹರಿವನ್ನು ಒಂದು ಚಕ್ರ ತಿರುಗಿಸಿ ನಿಲ್ಲಿಸಬಲ್ಲವರು. ಆದರೆ ಮನುಷ್ಯರನ್ನು ನಿಲ್ಲಿಸುವ ಚಕ್ರ ಅವರ ಬಳಿ ಇರಲಿಲ್ಲ. 'ಇಲ್ಲ' ಎಂಬ ಮಾತು ಅವರ ಎದೆಯಿಂದ ಹೊರಟು, ಗಂಟಲಿನಲ್ಲಿ ಒಂದು ಸಣ್ಣ ಸಭೆ ನಡೆಸಿ, 'ಆಗಲಿ' ಎಂದಾಗಿ ಹೊರಬರುತ್ತಿತ್ತು.

"ಹೇಳೋಣ ಅಂತಲೇ ಇದ್ದೆ," ಎಂದರು.

ವಸಿಷ್ಠರ ಮುಖ ಸೆರಗು ಸರಿದ ದೀಪದಂತೆ ಬೆಳಗಿತು. "ನಂಗೊತ್ತಿತ್ತು. ಸರಿ, ಎರಡು ರೂಮು ಇನ್ನೂ ಖಾಲಿ ಇದೆ ಅಂತ ಬರೆದಿದ್ದಾಳೆ. ಒಂದು ನಮಗೆ." ಲ್ಯಾಪ್‌ಟಾಪು ತೆರೆದುಕೊಂಡಿತು.

ಇಲ್ಲಿ ಕತೆಯನ್ನು ಅರೆಗಳಿಗೆ ನಿಲ್ಲಿಸಿ ಹೇಳಬೇಕಾದ ಮಾತೊಂದಿದೆ. ಸೂರ್ಯನಾರಾಯಣರಿಗೂ ನಿರುಪಮಾ ಅವರಿಗೂ ಮದುವೆಯಾಗಿ ಸೆಪ್ಟೆಂಬರಿಗೆ ಮೂವತ್ತು ವರ್ಷ ತುಂಬಲಿತ್ತು. ಈ ಮೂವತ್ತು ವರ್ಷಗಳಲ್ಲಿ ಅವರಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಮದುವೆಯಾದ ಹೊಸತರಲ್ಲಿ ಊಟಿಗೆ ಹೊರಟಾಗ, ಹೇಗೂ ಕಾರು ಹೋಗುತ್ತಿದೆಯಲ್ಲ ಎಂದು ಸೋದರತ್ತೆಯವರು ತಮ್ಮ ಮೂವರು ಮಕ್ಕಳೊಂದಿಗೆ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಆ ಸೀಟಿಗೆ ವಸಿಷ್ಠರು ಬಂದರು. ಆ ಬೀದಿಯ ಕನ್ನಡಿಗರಲ್ಲಿ ಒಂದು ಪದ್ಧತಿ: ಯಾರು ಎಲ್ಲಿಗೆ ಹೊರಟರೂ ಎಲ್ಲರೂ ಹೊರಡಬೇಕು. ವಸಿಷ್ಠರ ಲ್ಯಾಪ್‌ಟಾಪಿನಲ್ಲಿ ಶೀಟು ತಯಾರಾಗುತ್ತದೆ. ಯಾರು ಪುಳಿಯೋಗರೆ ಗೊಜ್ಜು, ಯಾರು ಚಟ್ನಿಪುಡಿ, ಯಾರು ರೈಸ್ ಕುಕ್ಕರು, ಎಷ್ಟು ಗಂಟೆಗೆ ಸ್ನಾನ ಎಲ್ಲವೂ ಅದರಲ್ಲಿ ಕಟ್ಟುನಿಟ್ಟು. ನಯಾಗರದ ಹೋಟೆಲಿನಲ್ಲಿ ಇವರ ಒಗ್ಗರಣೆಗೆ ಹೊಗೆಯ ಅಲಾರಂ ಕೂಗಿ, ಇಡೀ ಹೋಟೆಲು ಪಾರ್ಕಿಂಗ್ ಲಾಟಿಗೆ ಇಳಿದು ನಿಂತಾಗ, ಜಲಪಾತವನ್ನು ಬಿಟ್ಟು ಜನ ಇವರನ್ನೇ ನೋಡಿದ್ದರು.

ಹ್ಯಾರಿಸನ್‌ನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡಿರುವ ಮಗಳು ದಿಯಾ ಇದನ್ನೆಲ್ಲ ಕಂಡವಳು. ಸ್ಕಾಟ್ಲೆಂಡಿನ ಈ ತಂಗುಮನೆಯನ್ನು ಹುಡುಕಿ, ಅಮ್ಮನ ಫೋನ್ ನಂಬರು ಕೊಟ್ಟು, ಒಂದು ಕೋಣೆ ಹಿಡಿದವಳು ಅವಳೇ. "ಜಸ್ಟ್ ಯೂ ಅಂಡ್ ಅಮ್ಮ, ಅಪ್ಪ. ಡೋಂಟ್ ಟೆಲ್ ಎನಿವನ್. ಐ ಮೀನ್ ಇಟ್," ಎಂದು ಎಚ್ಚರಿಸಿದ್ದಳು. ನಿರುಪಮಾ ಕೇಳಿ "ಆಗಲಿ" ಎಂದಿದ್ದರು, ಅಷ್ಟೆ. ಸೂರ್ಯನಾರಾಯಣರು ಮಾತ್ರ ಅಂದಿನಿಂದ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಾಕುತ್ತಿದ್ದರು. ನೀರಿನ ದಂಡೆ, ಒಂದು ಮರದ ಬೆಂಚು, ಬೆಂಚಿನ ಮೇಲೆ ಇಬ್ಬರು, ಇಬ್ಬರೂ ಏನೂ ಮಾತಾಡುತ್ತಿಲ್ಲ. ಈಗ ಆ ಬೆಂಚಿನ ತುದಿಯಲ್ಲಿ ವಸಿಷ್ಠರು ಲ್ಯಾಪ್‌ಟಾಪು ಹಿಡಿದು ಕೂತಂತೆ ಕಂಡಿತು.

"ಅಲ್ಲಿ ತುಂಬಾ ಚಳಿ ರೀ," ಎಂದು ಸೂರ್ಯನಾರಾಯಣರು ಮೊದಲ ಬಾಣ ಬಿಟ್ಟರು.

"ಜನವರಿಯಲ್ಲಿ ಡ್ರೈವ್‌ವೇ ಸ್ನೋ ತೆಗೆಯೋರಿಗೆ ಎಂಥಾ ಚಳಿ?" ವಸಿಷ್ಠರು ಶೀಟಿನಲ್ಲಿ 'ಥರ್ಮಲ್ಸ್' ಎಂದು ಸೇರಿಸಿದರು.

"ಮೂರು ರೂಮಿಗೂ ಸೇರಿ ಒಂದೇ ಬಾತ್‌ರೂಮಂತೆ."

"ಟೈಮ್‌ಟೇಬಲ್ ಮಾಡೋಣ. ಕ್ಷಮಾ ಫಸ್ಟು, ಅವಳು ಒಂದು ಗಂಟೆ ತಗೋತಾಳೆ," ಎಂದು ವಸಿಷ್ಠರು ಹೆಂಡತಿಯ ಹೆಸರನ್ನು ಮೊದಲು ಹಾಕಿದರು.

"ವೆಜಿಟೇರಿಯನ್ ಏನೂ ಸಿಗಲ್ಲ. ಬೆಳಗಾದ್ರೆ ಮೊಟ್ಟೆ, ಹಂದಿ."

"ಅದಕ್ಕೇ ಅಲ್ವೇನ್ರೀ ನಾವು ಬರ್ತಿರೋದು. ನೀವಿಬ್ಬರೇ ಹೋಗಿದ್ರೆ ಉಪವಾಸ ಬೀಳ್ತಿದ್ರಿ," ಎಂದು ವಸಿಷ್ಠರು 'ಕುಕ್ಕರ್, ಸೋನಾಮಸೂರಿ' ಎಂದು ಬರೆದುಕೊಂಡರು. "ಕ್ಷಮಾನೂ ನಿರುಪಮಾ ಜೊತೆ ಕ್ಲಾಸಲ್ಲಿದ್ದಾಳೆ, ಫೋನ್ ಎತ್ತಲ್ಲ. ಅವಳು ಹನ್ನೊಂದೂವರೆಗೆ ಬ್ರೇಕಲ್ಲಿ ಸಿಗ್ತಾಳೆ. ಒಂದು ಮಾತು ಕೇಳಿ ಆಮೇಲೆ ನಾನೇ ಆ ಹೆಂಗಸಿಗೆ ಫೋನ್ ಮಾಡ್ತೀನಿ. ನಂಬರ್ ಫೋಟೋ ತೆಗೆದಿಟ್ಟಿದ್ದೀನಿ."

ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಅಷ್ಟರಲ್ಲಿ ಹಿತ್ತಿಲ ಗಾಜಿನ ಬಾಗಿಲನ್ನು ಯಾರೋ ಬೆರಳಿನಿಂದ ಕುಟ್ಟಿದರು. ಹಿಂದಿನ ಮನೆಯ ವೀರಬಸಮ್ಮನವರು. ಧಾರವಾಡದ ಕಡೆಯವರು, ನಿವೃತ್ತ ಶಿಕ್ಷಕಿ, ಎಪ್ಪತ್ತೊಂದು ವರ್ಷ. ಮಗಳು ಅನುವಿನ ಮನೆಯಲ್ಲಿ ವಾಸ.

"ಸೂರ್ಯನಾರಾಯಣ ಅವರ, ಸ್ಕಾಟ್ಲೆಂಡಿಗೆ ಹೊಂಟೀರಂತಲ್ಲ. ವಸಿಷ್ಠ ಅವರು ಮುಂಜಾನೆ ಬೇಲಿ ಕಡೆ ಹೇಳಿದ್ರು."

ಸೂರ್ಯನಾರಾಯಣರು ವಸಿಷ್ಠರ ಕಡೆ ನೋಡಿದರು. ವಸಿಷ್ಠರು ಲ್ಯಾಪ್‌ಟಾಪಿನ ಕಡೆ ನೋಡಿದರು.

"ಇನ್ನೊಂದು ಖೋಲಿ ಖಾಲಿ ಐತಿ ಅಂತ ಕೇಳಿದೆ. ನಾ ಸುಮ್ಮ ಕೇಳಾಕ ಬಂದಿಲ್ರಿ," ವೀರಬಸಮ್ಮನವರು ಕುರ್ಚಿಯ ಅಂಚಿನ ಮೇಲೆ ಕೂತರು. "ಮೂವತ್ತೆರಡು ವರ್ಷ ಭೂಗೋಳ ಕಲಿಸೀನಿ. ಹಲಗಿ ಮ್ಯಾಲ ಬ್ರಿಟನ್ ನಕಾಶಿ ತಗೀಬೇಕಾದ್ರ ಕೆಳಗಿಂದೆಲ್ಲ ಸರಳ ಬರ್ತಿತ್ತು. ಸ್ಕಾಟ್ಲೆಂಡಿನ ದಂಡಿಗೆ ಬಂದೆ ಅಂದ್ರ ಸೀಮೆಸುಣ್ಣ ಮುರೀತಿತ್ತು ನೋಡ್ರಿ. ಅಷ್ಟು ಹರಕ-ಮುರಕ ಅದು. ಒಂದಿನ ಇನ್ಸ್‌ಪೆಕ್ಟರು ಬಂದು ಹಿಂದ ಕುಂತಾರ, ನಂಗ ಬ್ಯಾಸರ ಆಗಿ ಸಪಾಟ ಒಂದು ಗೆರಿ ಎಳದುಬಿಟ್ಟೆ. ಅವರಿಗೂ ತಿಳೀಲಿಲ್ಲ. ಅವತ್ತಿಂದ ಆ ದಂಡಿಗೆ ತಪ್ಪಾತು ಅನ್ನೋದು ಬಾಕಿ ಉಳದೈತಿ."

ಸೂರ್ಯನಾರಾಯಣರ ಗಂಟಲಿನಲ್ಲಿ ಸಭೆ ಆರಂಭವಾಯಿತು. ಅದು ಮುಗಿಯುವುದರೊಳಗೆ ಅವರು ಕಾರಿನ ಕೀಲಿಯನ್ನೂ ಲಕೋಟೆಯನ್ನೂ ಎತ್ತಿಕೊಂಡರು.

"ಹಾಲು ಮುಗಿದಿದೆ. ಹೀಗೆ ಹೋಗಿ ಹಾಗೆ ಬಂದೆ."

"ತಡೀರಿ, ನಾನೂ ಬರ್ತೀನಿ," ಎಂದು ವಸಿಷ್ಠರು ಎದ್ದರು.

"ಬೇಡ ಬೇಡ, ನೀವು ಶೀಟು ಮುಗಿಸಿ. ಅದು ಮುಖ್ಯ."

ಶೀಟಿನ ಪ್ರಾಮುಖ್ಯವನ್ನು ಬೇರೊಬ್ಬರು ಒಪ್ಪಿದ್ದು ಅದೇ ಮೊದಲು. ವಸಿಷ್ಠರು ಕೃತಜ್ಞತೆಯಿಂದ ಮತ್ತೆ ಕೂತರು.

ಸೂರ್ಯನಾರಾಯಣರು ನೇರವಾಗಿ ಪಬ್ಲಿಕ್ ಲೈಬ್ರರಿಯ ಪಾರ್ಕಿಂಗ್ ಲಾಟಿಗೆ ಹೋಗಿ, ಒಂದು ಮೂಲೆಯಲ್ಲಿ, ಬ್ಯಾಂಕು ದರೋಡೆಗೆ ಬಂದವರಂತೆ ಕಾರು ನಿಲ್ಲಿಸಿದರು. ದಾರಿಯಲ್ಲಿ ಅವರಿಗೊಂದು ಉಪಾಯ ಹೊಳೆದಿತ್ತು. ಬರಬೇಡಿ ಎನ್ನಲು ಬಾಯಿ ಬಾರದು, ನಿಜ. ಆದರೆ ಬರಲು ಜಾಗವೇ ಇಲ್ಲದಿದ್ದರೆ? ಆ ಮನೆಯಲ್ಲಿರುವುದು ಮೂರೇ ಕೋಣೆ. ಮೂರನ್ನೂ ತಾವೇ ಹಿಡಿದುಬಿಟ್ಟರೆ ಪ್ರಪಂಚದಲ್ಲಿ ಯಾರೂ ಹತ್ತಿರ ಸುಳಿಯುವಂತಿಲ್ಲ. ಅಷ್ಟು ಸರಳವಾದ, ಅಷ್ಟು ಸುಂದರವಾದ ಉಪಾಯ ಅವರ ತಲೆಗೆ ಬಂದು ಬಹಳ ವರ್ಷಗಳಾಗಿದ್ದವು. ಕನ್ನಡಿಯಲ್ಲಿ ತಮ್ಮ ಮುಖವನ್ನು ಒಮ್ಮೆ ಮೆಚ್ಚಿಕೊಂಡು ಫೋನು ಹಚ್ಚಿದರು.

ಮನೆಯೊಡತಿಯ ಹೆಸರು ಮಿಸೆಸ್ ಗಿಲ್ಲಿಸ್. ಕಾರಿನ ಸ್ಪೀಕರಿನೊಳಗಿಂದ ಅವರ ಇಂಗ್ಲಿಷು ಗುಡ್ಡದ ಮೇಲಿನಿಂದ ಉರುಳುವ ಕಲ್ಲುಗಳಂತೆ ಗಡಗಡಿಸುತ್ತ ಬಂತು. ಮೊದಲು ನಾಯಿಯನ್ನು ಹೊರಗೆ ಬಿಟ್ಟು ಬರಬೇಕೆಂದರು. ಆಮೇಲೆ ಕನ್ನಡಕ ಹುಡುಕಿದರು. ಆಮೇಲೆ ಡೈರಿ ಸಿಕ್ಕಿತು, ಪೆನ್ಸಿಲು ಸಿಗಲಿಲ್ಲ. ಪೆನ್ಸಿಲು ಸಿಕ್ಕಿದಾಗ ನಾಯಿ ಒಳಗೆ ಬರಬೇಕೆಂದಿತು. ಹತ್ತು ಗಂಟೆಗೆ ಆರಂಭವಾದ ಕರೆ ಹತ್ತೂಮುಕ್ಕಾಲಿಗೆ ವಿಷಯಕ್ಕೆ ಬಂದಿತು.

"ಮೂರೂ ಕೋಣೆ ನಮಗೇ ಇರಲಿ, ಮೇಡಂ," ಎಂದರು ಸೂರ್ಯನಾರಾಯಣ.

"ಸಂತೋಷ. ಎಷ್ಟು ಜನ ಬರುತ್ತೀರಿ?"

"ಇಬ್ಬರು."

"ಇಬ್ಬರು. ಮೂರು ಕೋಣೆ," ಎಂದು ಆಕೆ ನಿಧಾನವಾಗಿ ಹೇಳಿದರು. "ನೋಡಪ್ಪ, ಮದುವೆಯಾಗಿ ಮೂವತ್ತು ವರ್ಷವೆಂದು ನಿನ್ನ ಮಗಳು ಬರೆದಿದ್ದಾಳೆ. ಇಬ್ಬರಲ್ಲಿ ಜಗಳವೇನಾದರೂ ಇದೆಯೇ?"

"ಛೆ, ಛೆ, ಇಲ್ಲ ಮೇಡಂ. ಕೋಣೆಗಳು ಖಾಲಿ ಇದ್ದರೆ ಸಾಕು. ಬಾಡಿಗೆ ಕೊಡುತ್ತೇನೆ."

"ಖಾಲಿ ಕೋಣೆಗೆ ನಾನು ಬಾಡಿಗೆ ತೆಗೆದುಕೊಳ್ಳುವವಳಲ್ಲ. ಯಾರೂ ಮಲಗದ ಹಾಸಿಗೆ ತೇವ ಹಿಡಿಯುತ್ತದೆ. ನನ್ನ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಒಂದೇ ನಿಯಮ: ಹಿಡಿದ ಹಾಸಿಗೆಯಲ್ಲಿ ಮನುಷ್ಯರು ಮಲಗಬೇಕು. ಮಲಗುವವರಿದ್ದರೆ ಹೆಸರು ಹೇಳು, ಬರೆದುಕೊಳ್ಳುತ್ತೇನೆ. ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇನೆ."

ಬೇರೆಯವರೆಂದರೆ ಯಾರು? ಹನ್ನೊಂದೂವರೆಗೆ ಫೋನು ಮಾಡಲಿರುವವರು. ಭೂಮಿಯ ಮೇಲೆ ಕೋಟಿಗಟ್ಟಲೆ ಹೆಸರುಗಳಿವೆ. ಬಂಧುಬಳಗದಲ್ಲೇ ಒಂದು ಕಲ್ಯಾಣಮಂಟಪಕ್ಕಾಗುವಷ್ಟಿದ್ದರು. ಆದರೆ ಬೆಳಗಿನಿಂದ ಯಾರ ಮುಖವನ್ನು ನೋಡಿದ್ದರೋ ಅವರದೇ ಹೆಸರು ನಾಲಿಗೆಯ ತುದಿಯಲ್ಲಿ ಕೂತಿತ್ತು.

"ವಸಿಷ್ಠ, ಕ್ಷಮಾ," ಎಂದರು. ಹಿಂದೆಯೇ, "ವೀರಬಸಮ್ಮ, ಅನು," ಎಂದರು.

"ವಯಸ್ಸಾದವರು ಯಾರಾದರೂ ಇದ್ದಾರೆಯೇ?"

"ವೀರಬಸಮ್ಮನವರಿಗೆ ಎಪ್ಪತ್ತೊಂದು."

"ಪಾಪ. ಚೆನ್ನಾಗಿ ನೋಡಿಕೊಳ್ಳೋಣ. ಬೆಳಗಿನ ತಿಂಡಿಗೆ?"

ಮಾಂಸ ಬೇಡ, ಮೀನು ಬೇಡ, ಮೊಟ್ಟೆಯೂ ಬೇಡವೆಂದು ಸೂರ್ಯನಾರಾಯಣರು ವಿವರಿಸಿದಾಗ ಪೆನ್ಸಿಲಿನ ಸದ್ದು ನಿಂತಿತು. ಬಹಳ ಯೋಚನೆಯ ಮೇಲೆ ಓಟ್ಸಿನ ಗಂಜಿ ಮಾಡಿಕೊಡುವುದಾಗಿ ಮಿಸೆಸ್ ಗಿಲ್ಲಿಸ್ ಮಾತು ಕೊಟ್ಟರು. ಹುಷಾರಿಲ್ಲದ ಆರು ಜನ ಒಟ್ಟಿಗೆ ಗಾಳಿ ಬದಲಾಯಿಸಲು ಬರುತ್ತಿದ್ದಾರೆಂದು ಆಕೆ ತಿಳಿದಂತಿತ್ತು. ಫೋನಿಡುವಾಗ ಆ ದನಿ ತುಂಬಾ ಮೃದುವಾಗಿತ್ತು.

ಸೂರ್ಯನಾರಾಯಣರು ಸೀಟಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು. ಗೆದ್ದೆನೆಂಬ ಭಾವ ಬಿಸಿನೀರಿನ ಸ್ನಾನದಂತೆ ಮೈಯಿಳಿಯಿತು. ಹೆಸರು ಕೊಟ್ಟರೇನಾಯಿತು? ಸೆಪ್ಟೆಂಬರಿನಲ್ಲಿ ಹೊರಡುವ ಹಿಂದಿನ ದಿನ ಫೋನು ಮಾಡಿ, ನಾಲ್ವರೂ ಮಲಗಿದ್ದಾರೆ, ಬರಲಾಗುವುದಿಲ್ಲ ಎಂದರಾಯಿತು. ನಾಲ್ವರಿಗೂ ಒಟ್ಟಿಗೆ ಬರಬಲ್ಲ, ಆದರೆ ಅವರ ಪ್ರಾಣಕ್ಕೆ ಏನೂ ಅಪಾಯವಿಲ್ಲದ ಕಾಯಿಲೆ ಯಾವುದಿರಬಹುದೆಂದು ಸದ್ಭಾವನೆಯಿಂದ ಯೋಚಿಸುತ್ತ ಅಂಗಡಿಗೆ ಹೋಗಿ ಹಾಲು ಕೊಂಡರು.

ಮನೆಗೆ ಬಂದಾಗ ಹನ್ನೊಂದೂಕಾಲು.

"ಫ್ರಿಜ್ಜಲ್ಲಿ ಎರಡು ಗ್ಯಾಲನ್ ಇದೆಯಲ್ರೀ," ಎಂದರು ವಸಿಷ್ಠ. ಅವರ ಮುಂದೆಯೂ ವೀರಬಸಮ್ಮನವರ ಮುಂದೆಯೂ ಕಾಫಿ ಲೋಟಗಳಿದ್ದವು. "ನಾನೇ ಡಿಕಾಕ್ಷನ್ ಹಾಕ್ದೆ. ಬನ್ನಿ, ಮೂರನೇ ದಿನದ ಪ್ರೋಗ್ರಾಂ ನೋಡಿ."

ಸೂರ್ಯನಾರಾಯಣರು ಹಾಲಿನ ಡಬ್ಬಿಯನ್ನು ಎದೆಗವಚಿಕೊಂಡೇ ನಿಂತರು. ಕಾರಿನಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದರು. "ಒಂದು ಬೇಜಾರಿನ ವಿಷಯ. ದಾರೀಲಿ ನಾನೇ ಫೋನ್ ಮಾಡ್ದೆ. ಆ ಎರಡೂ ರೂಮು ಹೋಗ್ಬಿಟ್ಟಿದೆ. ಯಾರೋ ತಗೊಂಡುಬಿಟ್ರಂತೆ."

ವಸಿಷ್ಠರ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. "ಎರಡೂನಾ?"

"ಎರಡೂ."

"ಹತ್ತಿರದಲ್ಲಿ ಬೇರೆ ಯಾವ್ದಾದ್ರೂ?"

"ಹನ್ನೆರಡು ಮೈಲಿ ಸುತ್ತ ಕುರಿಗಳು ಬಿಟ್ರೆ ಏನೂ ಇಲ್ವಂತೆ."

ವಸಿಷ್ಠರು ಲ್ಯಾಪ್‌ಟಾಪನ್ನು ಮಲಗಿದ ಮಗುವಿಗೆ ಹೊದಿಸುವಂತೆ ಮೆಲ್ಲಗೆ ಮುಚ್ಚಿದರು. "ಹೋಗ್ಲಿ ಬಿಡಿ. ನೀವಾದ್ರೂ ಹೋಗಿ ಬನ್ನಿ. ಆ ಕುಕ್ಕರ್ ಬೇಕಾದ್ರೆ ತಗೊಂಡು ಹೋಗಿ," ಎಂದು ಎದ್ದು ಚಪ್ಪಲಿ ಮೆಟ್ಟಿದರು.

ವೀರಬಸಮ್ಮನವರು ತಾವು ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿದರು. "ಇರಲಿ ಬಿಡ್ರಿ ಸೂರ್ಯನಾರಾಯಣ ಅವರ. ಅದಕ್ಯಾಕ ಮಾರಿ ಅಷ್ಟು ಸಣ್ಣ ಮಾಡ್ಕೋತೀರಿ? ಒಂದು ಕೆಲಸ ಮಾಡ್ರಿ. ಅಲ್ಲಿ ದಂಡಿಯೊಳಗಿಂದ ನನಗೊಂದು ಕಲ್ಲು ತಂದುಕೊಡ್ರಿ. ಸಣ್ಣದಿದ್ರೂ ನಡೀತೈತಿ."

ಅವರು ಹಿತ್ತಿಲು ದಾಟಿ ಹೋಗುವುದನ್ನು ಸೂರ್ಯನಾರಾಯಣರು ಗಾಜಿನ ಬಾಗಿಲಿನಿಂದ ನೋಡಿದರು. ಬಯಸಿದ ಏಕಾಂತ ಆ ಕ್ಷಣದಲ್ಲಿ ಅಡುಗೆಮನೆಯ ತುಂಬ ಇತ್ತು. ತಮಗಾಗಿ ಬಗ್ಗಿಸಿಟ್ಟಿದ್ದ ಕಾಫಿಯನ್ನು ಸಿಂಕಿಗೆ ಸುರಿದರು. ಆದರೂ ಅವರು ಮನಸ್ಸನ್ನು ಗಟ್ಟಿಮಾಡಿಕೊಂಡು, ನೀರಿನ ದಂಡೆ, ಬೆಂಚು, ಇಬ್ಬರು ಎಂದು ಜಪಿಸುತ್ತ ಹುಲ್ಲು ಕತ್ತರಿಸುವ ಯಂತ್ರವನ್ನು ಹೊರಗೆಳೆದರು.

ಮುಂಗಡೆಯ ಹುಲ್ಲು ಅರ್ಧಕ್ಕೆ ಬಂದಿತ್ತು. ಹನ್ನೆರಡೂಮುಕ್ಕಾಲರ ಸುಮಾರಿಗೆ ನಿರುಪಮಾ ಅವರ ಕಾರು ಬಂದು ನಿಂತಿತು. ಪಕ್ಕದ ಸೀಟಿನಿಂದ ವಸಿಷ್ಠರ ಪತ್ನಿ ಕ್ಷಮಾ ಇಳಿದರು. ಇಳಿದವರೇ ಸೂರ್ಯನಾರಾಯಣರ ಎರಡೂ ಕೈಗಳನ್ನು ಹಿಡಿದುಕೊಂಡರು. ಯಂತ್ರ ಗುರುಗುಟ್ಟುತ್ತಲೇ ಇತ್ತು.

"ಸೂರಿ, ನಿಮ್ಮಂಥವರು ನಮಗೆ ಸಿಕ್ಕಿದ್ದು ನಮ್ಮ ಪುಣ್ಯ ಕಣ್ರೀ."

"ಏನಾಯ್ತು?" ಎಂದು ಸೂರ್ಯನಾರಾಯಣರು ಯಂತ್ರವನ್ನು ಆರಿಸಿದರು.

"ಏನಾಯ್ತಂತೆ, ನೋಡು ನಿರುಪಮಾ, ಏನೂ ಗೊತ್ತಿಲ್ಲದವರ ಹಾಗೆ."

ಆದದ್ದು ಇಷ್ಟು. ಫೋನಿಟ್ಟ ಮೇಲೆ ಮಿಸೆಸ್ ಗಿಲ್ಲಿಸ್ ಅವರಿಗೆ ಎಪ್ಪತ್ತೊಂದು ವರ್ಷದ ಹಿರಿಯರ ಚಿಂತೆ ಹತ್ತಿತ್ತು. ಮೂರನೆಯ ಕೋಣೆಯ ಮೆಟ್ಟಿಲು ಕಡಿದು. ಆಕೆ ಹತ್ತಬಲ್ಲರೋ, ಕೆಳಗಿನ ಕೋಣೆಯನ್ನೇ ಬಿಟ್ಟುಕೊಡಬೇಕೋ? ಕೇಳೋಣವೆಂದು ಡೈರಿಯಲ್ಲಿದ್ದ ನಂಬರಿಗೆ ಫೋನು ಮಾಡಿದರು. ದಿಯಾ ಕೊಟ್ಟಿದ್ದು ಅಮ್ಮನ ನಂಬರು. ಹನ್ನೊಂದೂವರೆಯ ಬ್ರೇಕಿನಲ್ಲಿ ನಿರುಪಮಾ ಮಕ್ಕಳ ಗಲಾಟೆಯ ನಡುವೆ ಕೇಳಿಸದೆ ಅದನ್ನು ಸ್ಪೀಕರಿಗೆ ಹಾಕಿದ್ದರು. ಪಕ್ಕದಲ್ಲಿ ಕ್ಷಮಾ ಚಿತ್ರಾನ್ನದ ಡಬ್ಬಿ ತೆರೆದು ಕೂತಿದ್ದರು. ವಸಿಷ್ಠ ಮತ್ತು ಕ್ಷಮಾ ಅವರಿಗೆ ಗುಡ್ಡದ ಕಡೆಯ ಕೋಣೆ ಒಪ್ಪಿಗೆಯೇ ಎಂದು ಮಿಸೆಸ್ ಗಿಲ್ಲಿಸ್ ಅಲ್ಲಿಂದಲೇ ಕೇಳಿದರು.

ಪಕ್ಕದ ಡ್ರೈವ್‌ವೇಯಿಂದ ವಸಿಷ್ಠರು ಓಡುತ್ತ ಬಂದರು. ಕಂಕುಳಲ್ಲಿ ಲ್ಯಾಪ್‌ಟಾಪಿತ್ತು. "ಕ್ಷಮಾ ಫೋನಲ್ಲಿ ಎಲ್ಲಾ ಹೇಳಿದ್ಲು. ಏನ್ ಆ್ಯಕ್ಟಿಂಗ್ ರೀ ನಿಮ್ದು. ಯಾರೋ ತಗೊಂಡುಬಿಟ್ರಂತೆ! ಆ ಯಾರೋ ನೀವೇ. ಕುರಿಗಳು ಬಿಟ್ರೆ ಏನೂ ಇಲ್ವಂತೆ! ನಾನು ಮನೆಗೆ ಹೋಗಿ ಎಷ್ಟು ಬೇಜಾರ್ ಮಾಡ್ಕೊಂಡೆ ಗೊತ್ತಾ? ಹಾಲಿನ ನೆಪ ಹೇಳಿ ಹೋಗಿ ಬುಕ್ ಮಾಡಿ ಬಂದಿದ್ದೀರಿ. ಸರ್‌ಪ್ರೈಸ್ ಕೊಡೋದು ನಿಮ್ಮಿಂದ ಕಲೀಬೇಕು."

"ವೀರಬಸಮ್ಮನವರಿಗೆ ದಾರಿಯಿಂದಲೇ ಫೋನ್ ಮಾಡಿದ್ವಿ," ಎಂದರು ಕ್ಷಮಾ. "ಅರ್ಧದಲ್ಲೇ ಅನು ಫೋನ್ ತಗೊಂಡು, ಅಮ್ಮ ಅಳ್ತಿದ್ದಾರೆ ಆಂಟಿ, ಟಿಕೆಟ್ ನಾನೀಗಲೇ ನೋಡ್ತೀನಿ ಅಂದ್ಲು."

ಸೂರ್ಯನಾರಾಯಣರು ಬಾಯಿ ತೆರೆದರು. ಈ ಸಲ 'ಇಲ್ಲ' ಎಂಬುದು ಗಂಟಲಿನವರೆಗೂ ಬರಲಿಲ್ಲ. "ಆಗಲಿ," ಎಂದರು. ಆ ಬೀದಿಯಲ್ಲಿ ಮೂರು ಕೋಣೆ ಹಿಡಿದವನು ಮೂರು ಮನೆಯನ್ನು ಕರೆದವನೇ. ಅದಕ್ಕೆ ಬೇರೆ ಅರ್ಥವಿಲ್ಲ.

ನಿರುಪಮಾ ಗಂಡನ ತೋಳು ಹಿಡಿದು ಗರಾಜಿನೊಳಗೆ, ಸ್ನೋ ತೆಗೆಯುವ ಸಲಿಕೆಗಳ ಪಕ್ಕಕ್ಕೆ ಕರೆದುಕೊಂಡು ಹೋದರು. ಅವರ ಕಣ್ಣು ಒದ್ದೆಯಾಗಿತ್ತು. ಮೂವತ್ತು ವರ್ಷಗಳಲ್ಲಿ ಆ ಕಣ್ಣುಗಳು ತಮ್ಮನ್ನು ಹೀಗೆ ನೋಡಿದ್ದು ಸೂರ್ಯನಾರಾಯಣರಿಗೆ ನೆನಪಿರಲಿಲ್ಲ.

"ರೀ, ನಿಮಗೊಂದು ಹೇಳ್ಬೇಕು. ಬೈಬೇಡಿ."

"ಹೇಳು ನಿರು."

"ಈ ಸಲ ಯಾರೂ ಬೇಡ, ನಾವಿಬ್ಬರೇ ಇರೋಣ ಅಂತ ಒಳಗೊಳಗೇ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ? ಎಲ್ಲಿ ನೀವು ಯಾರನ್ನಾದ್ರೂ ಕರೆದುಬಿಡ್ತೀರೋ ಅಂತ ದಿನಾ ಭಯ. ನಿಮಗೆ ಹೇಳಿದ್ರೆ ಎಷ್ಟು ಸಣ್ಣ ಮನಸ್ಸಿನವಳು ಅಂದ್ಕೋತೀರೋ ಅಂತ ಸುಮ್ಮನಿದ್ದೆ. ಇವತ್ತು ಆಕೆ ಫೋನಲ್ಲಿ ಒಬ್ಬೊಬ್ಬರದೇ ಹೆಸರು ಓದಿದಾಗ ನನಗೇ ನಾಚಿಕೆ ಆಯ್ತು. ನೀವು ವೀರಬಸಮ್ಮನವರ ವಯಸ್ಸು ಕೂಡ ನೆನಪಿಟ್ಕೊಂಡು ಹೇಳಿದ್ದೀರಿ."

ಸೂರ್ಯನಾರಾಯಣರು ಹೆಂಡತಿಯ ಕೈ ಹಿಡಿದುಕೊಂಡರು. "ನಿರು," ಎಂದರು, "ನನಗೂ ಇಬ್ಬರೇ ಹೋಗ್ಬೇಕು ಅಂತಲೇ ಇತ್ತು. ದೇವರಾಣೆ. ಅದಕ್ಕೇ ನಾನು ಮೂರು ರೂಮು..."

"ಸುಮ್ನಿರಿ," ಎಂದು ನಿರುಪಮಾ ಕಣ್ಣೊರೆಸಿಕೊಂಡು ನಕ್ಕರು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ. ನಿಮ್ಮ ಗುಣ ನನಗೆ ಗೊತ್ತಾಯ್ತು."

ಹೊರಗಡೆಯಿಂದ ವಸಿಷ್ಠರ ದನಿ ಕೇಳಿಸಿತು. ಏರ್‌ಪೋರ್ಟಿನಿಂದ ಆ ಊರಿಗೆ ಒಂಬತ್ತು ಸೀಟಿನ ವ್ಯಾನೇ ಸರಿಯೆಂದು ಅವರು ಹೆಂಡತಿಗೆ ಹೇಳುತ್ತಿದ್ದರು.

ನಿರುಪಮಾ ಗಂಡನ ಅಂಗಿಗಂಟಿದ್ದ ಹುಲ್ಲಿನ ಚೂರುಗಳನ್ನು ಯಾವ ಅವಸರವೂ ಇಲ್ಲದೆ ಒಂದೊಂದಾಗಿ ತೆಗೆದರು. "ಮುಂದಿನ ವರ್ಷ ಒಂದೇ ರೂಮಿರೋ ಮನೆ ಹುಡುಕೋಣ. ಮೂವತ್ತೊಂದನೇ ವರ್ಷಕ್ಕೆ. ಆಗ ಮಾತ್ರ ಸ್ವಲ್ಪ ಸಣ್ಣ ಮನಸ್ಸು ಮಾಡಿ ರೀ, ನನಗೋಸ್ಕರ," ಎಂದರು.

ಎಷ್ಟು ಬೇಕಾದರೂ ಸಣ್ಣ ಮನಸ್ಸು ಮಾಡಬಲ್ಲೆನೆಂದು ಸೂರ್ಯನಾರಾಯಣರು ತುಂಬು ಹೃದಯದಿಂದ ಮಾತು ಕೊಟ್ಟರು. ಗರಾಜಿನಲ್ಲಿ ಇಬ್ಬರೇ ಇದ್ದರು. ಯಾರಾದರೂ ಕರೆಯುವವರೆಗೆ, ಅಂದರೆ ಸುಮಾರು ಒಂದೂವರೆ ನಿಮಿಷ, ಏನೂ ಮಾತಾಡದೆ ಹಾಗೇ ನಿಂತಿದ್ದರು.

ವಾಚಕ ಮಹಾಶಯರೇ, ಈ ವೃತ್ತಾಂತವನ್ನು ಹಿಕ್ಸ್‌ವಿಲ್‌ಗೆ ಹೋಗುವ ರೈಲಿನಲ್ಲಿ ನನಗೆ ಹೇಳಿದವರು ವಸಿಷ್ಠರೇ. ಸೂರ್ಯನಾರಾಯಣರ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ ಅವರು ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಾರೆ. ಉಳಿದದ್ದನ್ನು ಸೂರ್ಯನಾರಾಯಣರು ಬೇರೊಂದು ದಿನ, ಗುಟ್ಟೆಂದು ಆಣೆ ಹಾಕಿಸಿಕೊಂಡು, ಹೇಳಿದರು. ಎರಡನ್ನೂ ಕೇಳಿದ ಮೇಲೆ ನನ್ನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ವ್ಯಾನಿಗೆ ಒಂಬತ್ತು ಸೀಟು, ಹೋಗುವವರು ಆರು ಜನ. ಮಿಸೆಸ್ ಗಿಲ್ಲಿಸ್ ಅವರಿಗೆ ಫೋನು ಮಾಡಿ ವಿಚಾರಿಸಿದೆ. ಬಾಡಿಗೆಗೆ ಕೊಡದ ಅಟ್ಟದ ಕೋಣೆಯೊಂದಿದೆಯಂತೆ, ತಲೆ ಬಗ್ಗಿಸಿಕೊಂಡು ಮಲಗುವವರಾದರೆ ಬನ್ನಿ ಎಂದರು. ಹೆಸರು ಬರೆಸಿದ್ದೇನೆ. ಸೂರ್ಯನಾರಾಯಣರಿಗೆ ಇನ್ನೂ ತಿಳಿಸಿಲ್ಲ. ವಿಮಾನ ನಿಲ್ದಾಣದಲ್ಲಿ ಕಂಡಾಗ 'ಆಗಲಿ' ಎನ್ನುತ್ತಾರೆಂಬ ಭರವಸೆಯಿದೆ. ಎರಡು ಅಂಗಿ, ಒಂದು ಸ್ವೆಟರು, ವಸಿಷ್ಠರ ಶೀಟಿನಲ್ಲಿ ನನ್ನ ಪಾಲಿಗೆ ಬಂದ ಚಟ್ನಿಪುಡಿ ಎಲ್ಲವನ್ನೂ ಚೀಲಕ್ಕೆ ತುಂಬಿದ್ದೇನೆ. ಸೆಪ್ಟೆಂಬರೂ ಬಂತು, ನೆವಾರ್ಕಿನ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬಾಗಿಲಿಗೆ ಬಂದು ನಿಂತಿದೆ. ಅಪ್ಪಣೆಯಾಗಲಿ.